ಬೆಳ್ಳಿ ಮೀಸೆಯ ಕಲ್ಲು ಮತ್ತು ನಮ್ಮ ಚರಿತ್ರೆಯ ಮೇಷ್ಟ್ರು

ಮನುಷ್ಯನ ನೆನಪು ಮಹಾ ಗಂಭೀರವಾದ ಶಕ್ತಿ, ಅದು ಕಾಲದ ಆಳದಿಂದ ಹೋದವರನ್ನು ಎಬ್ಬಿಸಿ ತಂದು ನಮ್ಮೆದುರು ನಿಲ್ಲಿಸುತ್ತದೆ ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ನನ್ನ ವಿಷಯದಲ್ಲಿ ಅದು ಸೀನಿನಿಂದ ಶುರುವಾಗುತ್ತದೆ. ಹೋದ ಭಾನುವಾರ ನನ್ನ ಹೆಂಡತಿ ಎಲ್ಲಿಂದಲೋ ಅಸಲಿ ಸೀಗೆಪುಡಿ ಸಂಪಾದಿಸಿ ತಂದು ಡಬ್ಬಕ್ಕೆ ಸುರಿಯುತ್ತಿದ್ದಳು. ಅದರ ಘಾಟು ನಡುಮನೆಗೆ ಬಂತು. ಮೇಲಿಂದ ಮೇಲೆ ಸೀನಿದೆ, ಕಣ್ಣಲ್ಲಿ ನೀರು ತುಂಬಿತು. ಒರೆಸಿಕೊಂಡ ಮೇಲೆ ಎದುರಿಗಿದ್ದದ್ದು ಗೋಡೆಯೇ. ಆದರೆ ನನಗೆ ಕಾಣಿಸಿದ್ದು ಒಂದು ಮಾವಿನ ತೋಪು, ಹಬೆಯಾಡುವ ಹಂಡೆ, ಮತ್ತು ಶರ್ಟಿನ ತೋಳು ಮಡಚಿಕೊಂಡು ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ ನಮ್ಮ ಚರಿತ್ರೆಯ ಮೇಷ್ಟ್ರು...

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದಾಗ ನಾನು ಕೋಲಾರದಲ್ಲಿ ಬಿ.ಎ. ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದು ಸ್ವಲ್ಪ ದೊಡ್ಡ ಮಾತು. ಮುಳಬಾಗಿಲಿನಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ವಾಪಸು ಹೋಗುತ್ತಿದ್ದೆ. ನಡುವೆ ಕಾಲೇಜು ಇರುತ್ತಿತ್ತು. ಚರಿತ್ರೆಯನ್ನು ಆಗ ಯಾರೂ ಆರಿಸಿಕೊಳ್ಳುತ್ತಿರಲಿಲ್ಲ. ಉಳಿದ ವಿಷಯಗಳೆಲ್ಲ ಕೈಬಿಟ್ಟ ಮೇಲೆ ಅದೇ ನಮ್ಮನ್ನು ಆರಿಸಿಕೊಳ್ಳುತ್ತಿತ್ತು. ಹೀಗೆ ಆಯ್ಕೆಯಾದವರ ಪೈಕಿ ರಾಗಿ, ರೇಷ್ಮೆಯ ಮನೆಗಳ ಹುಡುಗರು ಹೆಚ್ಚು. ಮಾಲೂರಿನಲ್ಲಿ ಇಟ್ಟಿಗೆ ಗೂಡು ಇಟ್ಟುಕೊಂಡಿದ್ದವರ ಮಗನೊಬ್ಬ ಇದ್ದ. ಮುಂದಿನ ಬೆಂಚಿನಲ್ಲಿ ಹುಡುಗಿಯರು ನಾಲ್ಕೈದು ಮಂದಿ. ಅವರಲ್ಲಿ ಬಾಯಿಬಿಟ್ಟು ಮಾತಾಡುತ್ತಿದ್ದವಳು ಶ್ರೀನಿವಾಸಪುರದವಳು ಒಬ್ಬಳೇ.

ಆ ದಿನಗಳಲ್ಲಿ ಚರಿತ್ರೆ ಕಲಿಸುವ ಕ್ರಮ ಬಹಳ ಶಾಂತವಾದದ್ದು. ಲೆಕ್ಚರರು ಹಳದಿಗಟ್ಟಿದ ನೋಟ್ಸ್ ಓದುವರು, ನಾವು ಬರೆದುಕೊಳ್ಳುವೆವು. ಅವರು ಕೆಮ್ಮಿದರೆ ನಮ್ಮ ಪೆನ್ನು ನಿಲ್ಲುವುದು. ಪರೀಕ್ಷೆಯಲ್ಲಿ ಅದನ್ನೇ ಹಿಂದಕ್ಕೆ ಕೊಡುವೆವು. ಈ ಸಾಗಾಣಿಕೆಯಲ್ಲಿ ಯಾರ ತಲೆಗೂ ಪೆಟ್ಟಾಗುತ್ತಿರಲಿಲ್ಲ.

ನಮ್ಮ ಮೇಷ್ಟ್ರು ಹಾಗಲ್ಲ. ಎದುರಿಗೆ ನಾವು 'ಸಾರ್' ಎನ್ನುತ್ತಿದ್ದರೂ ನಮ್ಮ ನಮ್ಮಲ್ಲಿ ಮೇಷ್ಟ್ರು ಎಂದೇ ಕರೆಯುತ್ತಿದ್ದೆವು. ತೆಳ್ಳಗಿನ ಆಳು, ಮುಖದಲ್ಲಿ ಸದಾ ಯಾರದೋ ತಿಥಿಗೆ ಹೊರಟಂಥ ಕಳೆ. ತಮಾಷೆ ಮಾಡುವಾಗಲೂ ಆ ಕಳೆ ಅಲುಗುತ್ತಿರಲಿಲ್ಲವಾದ್ದರಿಂದ ನಗಬೇಕೋ ಬೇಡವೋ ತಿಳಿಯದೆ ನಾವು ಒದ್ದಾಡುತ್ತಿದ್ದೆವು. ಬರಿಗೈಯಲ್ಲಿ ತರಗತಿಗೆ ಬಂದು, ಬೋರ್ಡಿನ ನಡುವೆ ಮೇಲಿಂದ ಕೆಳಗೆ ಒಂದು ಗೆರೆ ಎಳೆಯುವರು. ಎಡಗಡೆ 'ಕಂಡದ್ದು', ಬಲಗಡೆ 'ಕೇಳಿದ್ದು'. ಪಾಠಪುಸ್ತಕದಿಂದ ಒಂದೊಂದೇ ವಾಕ್ಯ ನಾವು ಹೇಳಬೇಕು, ಅದು ಯಾವ ಕಡೆಗೆ ಹೋಗಬೇಕೆಂದು ತರಗತಿ ತೀರ್ಮಾನಿಸಬೇಕು. ಅವರು ಬರೀ ಸೀಮೆಸುಣ್ಣ.

ಮೊದಲ ದಿನವೇ ಅಶೋಕ ಸಿಕ್ಕಿಬಿದ್ದ. ಅವನು ಸಾಲುಮರ ನೆಡಿಸಿದ್ದು ಯಾವ ಕಡೆ ಎಂದು ಕೇಳಿದರು. ಶಾಸನ ಇದೆಯಲ್ಲ, ಕಂಡದ್ದೇ ಎಂದು ನಾನು ಧೈರ್ಯವಾಗಿ ಹೇಳಿದೆ. ಶ್ರೀನಿವಾಸಪುರದ ಹುಡುಗಿ ಎದ್ದು ನಿಂತಳು.

"ಸಾರ್, ಶಾಸನ ಕಂಡದ್ದು. ಮರ ಕೇಳಿದ್ದು."

ಮೇಷ್ಟ್ರು ಶಾಸನವನ್ನು ಎಡಕ್ಕೂ ಮರಗಳನ್ನು ಬಲಕ್ಕೂ ಬರೆದು, ಇವತ್ತಿಗೆ ಸಾಕು ಎಂದು ಹೊರಟುಹೋದರು. ಅವರಿಗೆ ಸಿಟ್ಟು ಬಂತೆಂದು ನಾವು ಹೆದರಿದೆವು. ಅದು ಸಂತೋಷವೆಂದು ಗೊತ್ತಾಗಲು ಕೆಲವು ತಿಂಗಳು ಬೇಕಾಯಿತು.

ವರ್ಷ ಕಳೆಯುವ ಹೊತ್ತಿಗೆ ಬಲಗಡೆ ಜಾಗ ಸಾಲದೆ ವಾಕ್ಯಗಳು ಗೋಡೆಯ ಮೇಲೆ ಹತ್ತುವ ಸ್ಥಿತಿಗೆ ಬಂದವು. ಎಡಗಡೆ ಒಂದಿಷ್ಟು ಕಲ್ಲು, ಒಂದಿಷ್ಟು ನಾಣ್ಯ, ಮುರಿದ ಮಡಕೆ. ಇಷ್ಟೇನಾ ಸಾರ್ ಚರಿತ್ರೆ ಅಂದರೆ, ಎಂದು ಮಾಲೂರಿನವನು ಬೇಸರದಿಂದ ಕೇಳಿದ್ದ. ಕೇಳಿದ್ದನ್ನು ಬಿಸಾಡಿ ಎಂದು ಮೇಷ್ಟ್ರು ಯಾವತ್ತೂ ಹೇಳಿದವರಲ್ಲ. ಯಾರು ಹೇಳಿದ್ದು, ಹೇಳಿದ್ದರಿಂದ ಅವರಿಗೆ ಏನು ಸಿಕ್ಕಿತು ಎಂದು ಕೇಳಿ, ಆಮೇಲೆ ಇಟ್ಟುಕೊಳ್ಳಿ ಎನ್ನುತ್ತಿದ್ದರು. ನಾವು ಈ ವಿದ್ಯೆಯನ್ನು ತರಗತಿಯಲ್ಲಿ ಬಿಟ್ಟು ಬರಲಿಲ್ಲ ಎನ್ನುವುದೇ ತೊಂದರೆಯಾಯಿತು. ನನ್ನ ಅಕ್ಕನಿಗೆ ಬಂದ ಗಂಡಿಗೆ ಹತ್ತು ಎಕರೆ ತೋಟ ಇದೆಯೆಂದು ನಮ್ಮಪ್ಪ ಹೇಳಿದಾಗ, ಅದು ಕಂಡದ್ದೋ ಕೇಳಿದ್ದೋ ಎಂದು ಕೇಳಿ ನಾನು ಊಟ ಕಳೆದುಕೊಂಡೆ. ಮಾಲೂರಿನವನು ಬಸ್ ಕಂಡಕ್ಟರನ ಹತ್ತಿರ, ಹಿಂದೆ ಇನ್ನೊಂದು ಬಸ್ಸು ಬರುತ್ತದೆ ಎಂಬ ಮಾತಿಗೆ ಸಾಕ್ಷಿ ಕೇಳಿ ರಸ್ತೆಯಲ್ಲಿ ಇಳಿದ. ರಾಜ್ಯಶಾಸ್ತ್ರದ ಲೆಕ್ಚರರಂತೂ, ಈ ಹುಡುಗರು ಪರೀಕ್ಷೆಯಲ್ಲಿ ಉತ್ತರ ಬರೆಯುವುದು ಬಿಟ್ಟು ಪ್ರಶ್ನೆ ಬರೆದು ಬರುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ಭವಿಷ್ಯ ನುಡಿದರು. ಅದು ಅರ್ಧಕ್ಕಿಂತ ಹೆಚ್ಚು ನಿಜವಾಯಿತು.

ಇಂಥ ಮೇಷ್ಟ್ರು ಒಂದು ಕಥೆಯನ್ನು ಮಾತ್ರ ಯಾವ ಗೆರೆಯ ಹಂಗೂ ಇಲ್ಲದೆ ಹೇಳುತ್ತಿದ್ದರು. ಅದು ಅವರ ಮನೆತನದ ವೀರಣ್ಣನ ಕಥೆ. ಅವರ ಊರು ಯಲ್ದೂರಿನಿಂದ ಒಳಗೆ. ಅಲ್ಲಿ ಅವರ ಮಾವಿನ ತೋಪಿನಲ್ಲಿ ಒಂದು ಕಲ್ಲು. ಹಿಂದೆ ಯಾವಾಗಲೋ ದನ ಹೊಡೆದುಕೊಂಡು ಹೋಗಲು ಬಂದ ದಂಡನ್ನು ಅವರ ಪೂರ್ವಿಕನೊಬ್ಬ ತಡೆದು, ಎತ್ತಿದ ಕತ್ತಿ ಇಳಿಸದೆ ಅಲ್ಲೇ ಪ್ರಾಣಬಿಟ್ಟನಂತೆ. ಆ ಕಲ್ಲಿನಿಂದಾಗಿಯೇ ಊರಲ್ಲಿ ಯಾವ ಮನೆಯಲ್ಲಿ ಮದುವೆಯಾದರೂ ಮೊದಲ ತಾಂಬೂಲ ಅವರ ಮನೆಗೆ. ಇದನ್ನು ಹೇಳುವಾಗ ಆ ತಿಥಿಯ ಮುಖದಲ್ಲಿ ಏನೋ ಒಂದು ಬೆಳಕು ಬರುತ್ತಿತ್ತು... ನಮಗೆ ಅದು ಇಷ್ಟವಾಗುತ್ತಿತ್ತು.

ಕೊನೆಯ ವರ್ಷದ ಒಂದು ದಿನ ವೀರಗಲ್ಲುಗಳ ಪಾಠ ನಡೆಯುತ್ತಿತ್ತು. ಮೇಷ್ಟ್ರು ಮತ್ತೆ ವೀರಣ್ಣನನ್ನು ಕರೆತಂದರು. ಮಾಲೂರಿನವನು ಕೂತಲ್ಲಿಂದಲೇ, ಯಾವ ದುರುದ್ದೇಶವೂ ಇಲ್ಲದೆ ಕೇಳಿದ.

"ಸಾರ್, ನಿಮ್ಮ ವೀರಣ್ಣ ಯಾವ ಕಡೆ?"

ತರಗತಿ ನಕ್ಕಿತು. ಮೇಷ್ಟ್ರು ನಗಲಿಲ್ಲ. ಬೋರ್ಡಿನ ಕಡೆ ತಿರುಗಿ ಬಲಗಡೆಗೆ ನಿಧಾನವಾಗಿ 'ವೀರಣ್ಣ' ಎಂದು ಬರೆದರು. ಕೈಯೊರೆಸಿಕೊಳ್ಳುತ್ತಾ, ಯಾರಾದರೂ ಹೋಗಿ ನೋಡಿದರೆ ಎಡಗಡೆಗೆ ಬರಬಹುದು ಎಂದರು. ಅವರ ಧ್ವನಿಯಲ್ಲಿ ಅನುಮಾನ ಇರಲಿಲ್ಲ. ತಮ್ಮ ಪೂರ್ವಿಕನನ್ನು ನ್ಯಾಯವಾಗಿ ಎಡಗಡೆಗೆ ತರುವ ಹುಮ್ಮಸ್ಸೇ ಇತ್ತು.

ಹಾಗೆ ಒಂದು ಶನಿವಾರ ನಾವು ಹತ್ತು ಹನ್ನೆರಡು ಮಂದಿ ಶ್ರೀನಿವಾಸಪುರದ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸಿಗೆ ಯಲ್ದೂರಿಗೆ ಹೋಗಿ, ಉಳಿದ ದಾರಿ ನಡೆದೆವು. ಮಾವು ಹೂ ಬಿಟ್ಟಿದ್ದ ಕಾಲ, ಇಡೀ ದಾರಿ ಅದರದೇ ವಾಸನೆ. ಮೇಷ್ಟ್ರ ಅಣ್ಣ ಊರ ಮುಂದೆಯೇ ಕಾದಿದ್ದರು. ಮೇಷ್ಟ್ರಿಗಿಂತ ಎರಡರಷ್ಟು ಅಗಲ, ತಲೆಗೆ ಟವೆಲು, ತುಂಬು ಮೀಸೆ. ಅವರ ಮನೆಮಾತು ತೆಲುಗು; ನಮ್ಮ ಜೊತೆ ಮಾತ್ರ ಕನ್ನಡ. ಓದಿದ ಮಕ್ಕಳು ಕಲ್ಲಿನ ಸೇವೆಗೆ ಬಂದಿದ್ದಾರೆ ಎಂದು ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ತಲೆತಲಾಂತರದ ಎಣ್ಣೆ ಗಟ್ಟಿಯಾಗಿ ಕೂತಿದೆ, ಒಮ್ಮೆ ಚೆನ್ನಾಗಿ ತೊಳೆದು ಹೊಸ ಎಣ್ಣೆ ಹಚ್ಚಿದರೆ ವೀರಣ್ಣನಿಗೂ ಹಾಯೆನಿಸುತ್ತದೆ ಎಂದರು. ಮೇಷ್ಟ್ರ ಅತ್ತಿಗೆ ಹಂಡೆಯಲ್ಲಿ ನೀರು ಕಾಯಿಸಿ, ಮೊರದ ತುಂಬ ಸೀಗೆಪುಡಿ ಇಟ್ಟಿದ್ದರು.

ತೋಪಿನ ಮೂಲೆಯಲ್ಲಿ ಕಲ್ಲು. ಅದರ ಸುತ್ತ ದುಂಡಗೆ ಸಣ್ಣ ಕಲ್ಲುಗಳ ಸಾಲು. ಆ ಸಾಲು ದಾಟಿ ಹೆಂಗಸರು ಒಳಗೆ ಹೋಗುವಂತಿಲ್ಲ. ವೀರಣ್ಣ ಮದುವೆಯಾಗದೆ ಸತ್ತವನು, ಹೆಣ್ಣಿನ ನೆರಳು ಬಿದ್ದರೆ ಸಹಿಸುವುದಿಲ್ಲ ಎಂದು ಅಣ್ಣ ವಿವರಿಸಿದರು. ನಮ್ಮ ಹುಡುಗಿಯರು ಮೇಷ್ಟ್ರ ಅತ್ತಿಗೆಯ ಜೊತೆ ಹೊರಗೆ ನಿಂತರು. ಪಕ್ಕದಲ್ಲೇ ಮೇಷ್ಟ್ರ ತಂದೆಯ ಸಮಾಧಿ, ಅದರ ಮಗ್ಗುಲಲ್ಲಿ ಎರಡು ಆಳಿನಷ್ಟು ಖಾಲಿ ಜಾಗ. ಅಲ್ಲಿ ಮರ ನೆಟ್ಟಿರಲಿಲ್ಲ. ಅದು ನನಗೆ ಮತ್ತು ಇವನಿಗೆ ಎಂದು ಅಣ್ಣ ಮನೆಯ ಕೋಣೆ ತೋರಿಸುವಷ್ಟು ಸಲೀಸಾಗಿ ತೋರಿಸಿದರು.

ಕಲ್ಲು ಎನ್ನುವುದು ಕಾಣುತ್ತಿದ್ದದ್ದು ಒಂದು ಕಪ್ಪು ಮುದ್ದೆಯಾಗಿ. ಎಣ್ಣೆ, ಕುಂಕುಮ, ಧೂಳು ಎಲ್ಲ ಸೇರಿ ಹಲಸಿನ ತೊಗಟೆಯ ಹಾಗೆ ಗಟ್ಟಿಯಾಗಿತ್ತು. ಮೇಲೆ ಮೇಣದಲ್ಲಿ ಅಂಟಿಸಿದ ಎರಡು ಬೆಳ್ಳಿ ಕಣ್ಣು, ಕೆಳಗೆ ಒಂದು ಬೆಳ್ಳಿ ಮೀಸೆ. ಮೀಸೆ ಮಾತ್ರ ಅಣ್ಣನ ಮೀಸೆಯ ತದ್ರೂಪ. ಪಕ್ಕದಿಂದ ಮೇಲಕ್ಕೆ ಎತ್ತಿದ ಒಂದು ತೋಳು. ಕತ್ತಿ ಕಾಲಾಂತರದಲ್ಲಿ ಮುರಿದುಹೋಗಿದೆ ಎಂಬುದು ಮನೆತನದ ಹೇಳಿಕೆ. ಅಣ್ಣ ಕೈಮುಗಿದು ಕಣ್ಣು ಮೀಸೆಗಳನ್ನು ತಾವೇ ಬಿಡಿಸಿ ತಟ್ಟೆಯಲ್ಲಿಟ್ಟು, ನಮಗೆ ಎಳನೀರು ಕೆಡವಿಸಲು ತೋಪಿನ ಆಚೆಗೆ ಹೋದರು.

ನಾವು ತೆಂಗಿನ ನಾರು ಹಿಡಿದು ಉಜ್ಜಲು ಶುರುಮಾಡಿದೆವು. ಬಿಸಿನೀರು, ಸೀಗೆಪುಡಿ, ಸೀನು. ತೊಗಟೆ ಚೂರುಚೂರಾಗಿ ಬಿಟ್ಟಿತು. ಒಳಗಿನಿಂದ ಬಂದದ್ದು ಒಂದು ಕಂಬ, ಅದರಿಂದ ಹೊರಟು ಮೊಣಕೈಯಲ್ಲಿ ಮಡಿಸಿ ಮೇಲಕ್ಕೆ ಎತ್ತಿದ ಕೈ. ಮೇಷ್ಟ್ರ ಕ್ರಮದಂತೆ, ನೋಡಿದ್ದನ್ನು ನೋಡಿದ ಹಾಗೆ ಜೋರಾಗಿ ಹೇಳಬೇಕು. ಹೊರಗಿದ್ದ ಹುಡುಗಿಯರು ಕೇಳಿಸಿಕೊಂಡು ಪ್ರಶ್ನೆ ಹಾಕಬೇಕು. ಮುಂಗೈ ತುಂಬ ಗೆರೆ ಗೆರೆ ಇದೆ, ಯುದ್ಧದ ಕವಚ ಇರಬೇಕು ಎಂದು ಮಾಲೂರಿನವನು ಸಾರಿದ.

ಶ್ರೀನಿವಾಸಪುರದ ಹುಡುಗಿ ಕಲ್ಲಿನ ಸಾಲಿನ ಆಚೆಯಿಂದ ಕೇಳಿದಳು. "ಕವಚ ಅನ್ನೋದು ಕಂಡಿದ್ದಾ?"

"ಗೆರೆ ಕಂಡಿದ್ದು."

"ಗೆರೆ ಸುತ್ತಲೂ ಇದೆಯಾ, ಮೇಲೆ ಮಾತ್ರನಾ?"

"ಸುತ್ತಲೂ ಇದೆ. ದುಂಡಗೆ."

"ಬೆರಳಿನ ಮಧ್ಯೆ?"

"ಕತ್ತಿಯ ಹಿಡಿ ಕಣೇ. ಉಳಿದಿರೋದು ಒಂದು ಚೂರು. ಗುಂಡಗೆ ಇದೆ."

"ಎಷ್ಟು ಗುಂಡಗೆ?"

ಮಾಲೂರಿನವನು ಬಗ್ಗಿ ನೋಡಿ ಸ್ವಲ್ಪ ತಡೆದು, ನಿಂಬೆಹಣ್ಣಿನಷ್ಟು ಎಂದ.

ಮೇಷ್ಟ್ರಿಗೆ ಆ ಕ್ಷಣದಲ್ಲೇ ಗೊತ್ತಾಗಿರಬೇಕು. ಕಂಬದಿಂದ ಹೊರಟ ಕೈ, ಕೈಗೆ ಬಳೆ, ಬೆರಳ ನಡುವೆ ನಿಂಬೆಹಣ್ಣು ಇದ್ದರೆ ಅದು ವೀರಗಲ್ಲಲ್ಲ, ಮಾಸ್ತಿಕಲ್ಲು. ಗಂಡ ಸತ್ತಾಗ ಅವನ ಜೊತೆ ಪ್ರಾಣ ಕೊಟ್ಟ ಹೆಣ್ಣಿನ ಕಲ್ಲು. ಇದನ್ನು ನಮಗೆ ಪಾಠ ಮಾಡಬೇಕಾಗಿದ್ದವರು ಅವರೇ; ಇನ್ನೂ ಆ ಪಾಠ ಬಂದಿರಲಿಲ್ಲ. ಬೇರೆ ಯಾವ ಊರಿನಲ್ಲಿ ಆಗಿದ್ದರೂ ದೂರದಿಂದಲೇ ಗುರುತು ಹಿಡಿಯುತ್ತಿದ್ದರು. ಇದನ್ನು ಮಾತ್ರ ಹುಟ್ಟಿದಾಗಿನಿಂದ ಮೀಸೆಯ ಸಮೇತ ನೋಡಿದ್ದರು. ಮೀಸೆ ಕಂಡ ಮೇಲೆ ಬಳೆ ಹುಡುಕುವವರು ಯಾರು? ಬಳೆ ತೊಟ್ಟವರನ್ನು ಹತ್ತಿರ ಬಿಟ್ಟಿದ್ದರೆ ಯಾರಾದರೂ ಹೇಳುತ್ತಿದ್ದರೋ ಏನೋ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಎಣ್ಣೆ ಹಚ್ಚಿ, ಮೀಸೆ ಅಂಟಿಸಿ, ಎಳನೀರು ಕುಡಿದು ಬಸ್ಸು ಹಿಡಿಯಬಹುದಿತ್ತು. ಮೇಷ್ಟ್ರು ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಆ ಕೈಯನ್ನೇ ನೋಡಿದರು. ಆಮೇಲೆ ಹೊರಗಿದ್ದ ಹುಡುಗಿಯ ಕಡೆ ತಿರುಗಿದರು.

"ಬಾಮ್ಮ. ಒಳಗೆ ಬಂದು ನೋಡು. ನೋಡದೆ ಹೇಳಿದ್ರೆ ಅದೂ ಬಲಗಡೆಗೇ ಹೋಗುತ್ತೆ."

ಅವಳು ಮೇಷ್ಟ್ರ ಅತ್ತಿಗೆಯ ಮುಖ ನೋಡಿದಳು. ಅವರು ಬೇಡವೆನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಹುಡುಗಿ ಚಪ್ಪಲಿ ಬಿಟ್ಟು ಸಾಲು ದಾಟಿ ಬಂದು, ತನ್ನ ಕೈಯನ್ನು ಆ ಕೈಯ ಪಕ್ಕದಲ್ಲಿಟ್ಟು ನೋಡಿದಳು. ಬಳೆ ಸಾರ್, ಎಂದಳು ಅಷ್ಟೇ.

ಎಳನೀರಿನ ಗೊನೆಯೊಡನೆ ಅಣ್ಣ ಬಂದದ್ದು ಆಗಲೇ. ಗೊನೆ ಕೆಳಗೆ ಬಿತ್ತು. ಏಮಿರಾ ಇದಿ, ಎಂದು ಶುರುವಾದದ್ದು ಬಹಳ ಹೊತ್ತು ತೆಲುಗಿನಲ್ಲೇ ನಡೆಯಿತು. ನಮ್ಮಲ್ಲಿ ಬಹಳ ಮಂದಿಗೆ ತೆಲುಗು ಬರುತ್ತಿತ್ತು, ಬಾರದವರಿಗೂ ಅರ್ಥವಾಯಿತು. ಮೇಷ್ಟ್ರು ನಡುವೆ ಬಾಯಿ ಹಾಕದೆ ಎಲ್ಲ ಕೇಳಿಸಿಕೊಂಡು, ಕಲ್ಲಿನ ಕೈಯನ್ನೂ ಬಳೆಯನ್ನೂ ತೋರಿಸಿ ಇದು ಹೀಗೆ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಅಣ್ಣ ನೋಡಿದರು. ನಿಜವಾಗಿಯೂ ನೋಡಿದರು. ಅವರಿಗೂ ಕಂಡಿತು ಎಂದು ನಾನು ಈಗಲೂ ನಂಬಿದ್ದೇನೆ. ಅವರು ಕನ್ನಡಕ್ಕೆ ತಿರುಗಿದ್ದು, ನಮಗೂ ಕೇಳಿಸಲಿ ಎಂದೇ.

"ಇದು ವೀರಣ್ಣನೇ ಅಂತ ಈ ಮಕ್ಕಳ ಮುಂದೆ ಒಂದು ಮಾತು ಹೇಳಿಬಿಡು. ನಾನು ಇವತ್ತಿಂದು ಇಲ್ಲಿಗೇ ಮರೆತುಬಿಡ್ತೀನಿ."

ಮೇಷ್ಟ್ರು ಮತ್ತೆ ಕಲ್ಲಿನ ಕೈಯ ಕಡೆ ನೋಡಿದರು. ಅಣ್ಣ ದನಿ ತಗ್ಗಿಸಿದರು. ಅದು ಬೆದರಿಕೆಯಲ್ಲ, ಬೇಡಿಕೆ ಎಂದು ಆಗ ನನಗೆ ಹೊಳೆಯಿತು. "ನಾಳೆ ಊರೆಲ್ಲ ಗೊತ್ತಾಗುತ್ತೆ ಕಣೋ. ನಾನು ಇಲ್ಲೇ ಬಾಳಬೇಕು."

"ಅಣ್ಣಾ, ನನಗೆ ಹಾಗೆ ಹೇಳೋಕೆ ಬರಲ್ಲ."

"ಹಂಗಾದ್ರೆ ಅಪ್ಪನ ಪಕ್ಕ ನಿಂಗೆ ಜಾಗ ಇಲ್ಲ."

ಅಷ್ಟೇ. ಅವರು ಟವೆಲು ಬಿಚ್ಚಿ ಕಲ್ಲಿನ ಕೈಗೆ ಹೊದಿಸಿದರು. ನಾವು ಹೊರಟೆವು. ತೋಪಿನ ಬೇಲಿಯ ಹತ್ತಿರ ಮೇಷ್ಟ್ರ ಅತ್ತಿಗೆ ಹಿಂದಿನಿಂದ ಬಂದು, ಶ್ರೀನಿವಾಸಪುರದ ಹುಡುಗಿಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ್ದು ನನಗೂ ಕೇಳಿಸಿತು.

"ಬಳೆ ಎಷ್ಟಿತ್ತಮ್ಮ?"

"ಕೈ ತುಂಬ ಇತ್ತು ಅತ್ತೆ."

ಅವರು ತಲೆಯಾಡಿಸಿ ಸೆರಗು ಸರಿಮಾಡಿಕೊಂಡು ಮನೆಯ ಕಡೆ ಹೋದರು...

ಬಸ್ಸಿನಲ್ಲಿ ಆ ಹುಡುಗಿ ಅಳುತ್ತಿದ್ದಳು. ನಾನು ಹೇಳಬಾರದಿತ್ತಾ ಸಾರ್ ಎಂದು ಕೇಳಿದಳು. ಹೇಳಬಾರದು ಅನ್ನೋ ಹಾಗಿದ್ದರೆ ನಾನು ಇಷ್ಟು ವರ್ಷ ಏನು ಕಲಿಸುತ್ತಿದ್ದೆ ಎಂದು ಅವರು ತಿರುಗಿ ಕೇಳಿ, ಕಿಟಕಿಯ ಕಡೆ ಮುಖ ಮಾಡಿದರು. ಸೋಮವಾರ ಎಂದಿನಂತೆ ಬಂದು ಗೆರೆ ಎಳೆದರು. ಎಡಗಡೆ ಮೊದಲ ಸಾಲಿಗೆ 'ಒಂದು ಕೈ, ಬಳೆ, ನಿಂಬೆಹಣ್ಣು' ಎಂದು ಬರೆದರು. ಬಲಗಡೆ 'ವೀರಣ್ಣ' ಎಂದು ಬರೆದು ಹಾಗೇ ಬಿಟ್ಟರು. ಅಳಿಸಲಿಲ್ಲ.

ಆ ವರ್ಷ ಮಾವಿನ ಹೂ ಉದುರಿತು. ಅವರ ಊರಿನಲ್ಲಿ ಅದಕ್ಕೆ ಕಾರಣ ನಾವೇ ಎಂದಾಯಿತು. ಇಡೀ ತಾಲ್ಲೂಕಿನಲ್ಲಿ ಉದುರಿತ್ತು ಎನ್ನುವುದು ನಮ್ಮ ಪರವಾದ ಬಲವಾದ ಸಾಕ್ಷಿ, ಆದರೆ ವಿಚಾರಣೆಗೆ ನಮ್ಮನ್ನು ಯಾರೂ ಕರೆಯಲಿಲ್ಲ. ಮೊದಲ ತಾಂಬೂಲ ಬೇರೆ ಮನೆಗೆ ಹೋಯಿತೆಂದು ಆಮೇಲೆ ಕೇಳಿದೆ. ಇದು ಕೇಳಿದ್ದು.

ನಾನು ಹೇಗೋ ಪಾಸಾಗಿ, ಬಿ.ಎಡ್. ಮಾಡಿ ಮುಳಬಾಗಿಲಿನ ಕಡೆಯ ಹೈಸ್ಕೂಲಿಗೆ ಸೇರಿದೆ. ಮೇಷ್ಟ್ರು ಕೋಲಾರ ಬಿಟ್ಟು ಮಾಲೂರಿಗೆ ಬಂದರು. ಎಂಬತ್ತರ ದಶಕದ ನಡುವೆ ಒಮ್ಮೆ ಅಲ್ಲಿ ಪರೀಕ್ಷಾ ಕೆಲಸಕ್ಕೆ ಹೋಗಿದ್ದವನು ಅವರ ಮನೆ ಹುಡುಕಿಕೊಂಡು ಹೋದೆ. ರೈಲ್ವೆ ಸ್ಟೇಷನ್ನಿನ ಹತ್ತಿರ ಒಂದು ಬಾಡಿಗೆ ಮನೆ, ಇಟ್ಟಿಗೆ ಗೂಡಿನ ಹೊಗೆ ಕಿಟಕಿಯವರೆಗೂ ಬರುತ್ತಿತ್ತು. ಮದುವೆಯಾಗಿರಲಿಲ್ಲ. ಅಡುಗೆ ತಾವೇ. ನನಗೆ ಕಾಫಿ ಮಾಡಿ ಕೊಟ್ಟು, ಅದು ಚೆನ್ನಾಗಿದೆ ಎಂದು ನಾನು ಹೇಳಿದ್ದಕ್ಕೆ ಸಾಕ್ಷಿ ಕೇಳಿದರು. ಆಮೇಲೆ ತಾವಾಗಿಯೇ ಊರಿನ ವಿಷಯ ತೆಗೆದರು. ತಾಯಿ ಹೋದಾಗ ಮಣ್ಣಿನ ಹೊತ್ತಿಗೆ ತಲುಪುವ ಹಾಗೆ ಹೇಳಿಕಳಿಸಿರಲಿಲ್ಲವಂತೆ. ವರ್ಷಕ್ಕೊಮ್ಮೆ ಯಾರ ಕೈಯಲ್ಲಾದರೂ ಅಣ್ಣನಿಂದ ಮಾತು ಬರುತ್ತದಂತೆ. ಈಗಲೂ ಬಂದು ಕಲ್ಲಿನ ಮುಂದೆ ಒಂದೇ ಒಂದು ಮಾತು ಹೇಳಿ ಹೋಗಲಿ, ಜಾಗ ಹಾಗೇ ಇದೆ ಎಂದು.

ಹೇಳಿಬಿಡಬಹುದಿತ್ತಲ್ಲ ಸಾರ್, ಎಂದೆ. ಅವರಿಗೆ ಆಗಲೇ ಎದೆಯಲ್ಲಿ ತೊಂದರೆ ಶುರುವಾಗಿತ್ತು, ಅದಕ್ಕೇ ಹಾಗಂದೆ.

"ಹೇಳಬಹುದಿತ್ತು ಕಣಯ್ಯ. ಒಂದು ಸಲ ಯಲ್ದೂರಿನ ತನಕ ಹೋಗಿ ಬಸ್ಸಿಂದ ಇಳಿದೂ ಇಳಿದೆ. ಆ ಹುಡುಗಿ ಅವತ್ತು ಬಸ್ಸಲ್ಲಿ ಕೇಳಿದ್ದು ನೆನಪಾಯ್ತು. ವಾಪಸು ಬಂದೆ."

ರೈಲೊಂದು ಬಂದು ಹೋಯಿತು.

"ಇಷ್ಟು ಜಗಳ ಆಯ್ತಲ್ಲ. ನಮ್ಮಣ್ಣನಿಗೆ ವೀರಣ್ಣ ಬೇಕು. ನನಗೆ ಸಾಕ್ಷಿ ಬೇಕು. ಆ ಹೆಂಗಸು ಯಾರು, ಅವಳು ಇಷ್ಟಪಟ್ಟು ಹೋದಳಾ, ಎಳಕೊಂಡು ಹೋದ್ರಾ ಅಂತ ಯಾರಾದ್ರೂ ಕೇಳಿದ್ವಾ? ಅವಳ ಹೆಸರು ಬೋರ್ಡಿನ ಎರಡೂ ಕಡೆ ಇಲ್ಲ."

ಕಾಫಿ ಲೋಟ ತೊಳೆದಿಡಲು ಎದ್ದೆ. ಬೇಡ ಎಂದು ತಾವೇ ತೊಳೆದರು.

ಅವರು ಹೋದ ಸುದ್ದಿ ನನಗೆ ತಂದವನು ಆ ಮಾಲೂರಿನ ಗೆಳೆಯನೇ. ಎಂಬತ್ತರ ದಶಕ ಇನ್ನೂ ಮುಗಿದಿರಲಿಲ್ಲ. ಅವನೇ ಓಡಾಡಿ ಎಲ್ಲ ವ್ಯವಸ್ಥೆ ಮಾಡಿದ್ದ. ಅಣ್ಣನಿಗೆ ಬೆಳಿಗ್ಗೆಯೇ ಆಳು ಕಳಿಸಿದ್ದೆವು, ಸಂಜೆಯವರೆಗೆ ಕಾದೆವು, ಯಾರೂ ಬರಲಿಲ್ಲ. ಹಳೆಯ ವಿದ್ಯಾರ್ಥಿಗಳು ಒಂದಿಷ್ಟು ಮಂದಿ ಸೇರಿದ್ದರು. ಯಾರೋ ಒಬ್ಬರು, ಮೇಷ್ಟ್ರು ದೇವರಂಥ ಮನುಷ್ಯ ಎಂದು ಭಾಷಣದ ಧಾಟಿಯಲ್ಲಿ ಶುರುಮಾಡಿದರು. ನಾವು ನಾಲ್ಕೈದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ವಾಕ್ಯ ಯಾವ ಕಡೆಗೆ ಹೋಗಬೇಕೆಂದು ನಮಗೆ ಗೊತ್ತಿತ್ತು. ಆದರೆ ಆವತ್ತು ಯಾರೂ ಬಾಯಿಬಿಡಲಿಲ್ಲ.

ಮೊನ್ನೆ ಸೀನು ನಿಂತ ಮೇಲೆ ಆ ಗೆಳೆಯನಿಗೆ ಫೋನ್ ಮಾಡಿದೆ. ಮಾವಿನ ವ್ಯಾಪಾರಕ್ಕೆ ಅವನು ಈಗಲೂ ಆ ಕಡೆ ಹೋಗಿಬರುತ್ತಾನೆ. ಅಣ್ಣನೂ ಹೋಗಿ ಬಹಳ ವರ್ಷವಾಯಿತು, ತಂದೆಯ ಪಕ್ಕದಲ್ಲೇ ಇದ್ದಾರೆ. ಕಲ್ಲಿಗೆ ಮತ್ತೆ ಎಣ್ಣೆ ಹತ್ತಿದೆ, ಮೀಸೆ ಇದೆ, ಹೆಂಗಸರು ಸಾಲು ದಾಟುವುದಿಲ್ಲ. ಖಾಲಿ ಉಳಿದಿದ್ದ ಜಾಗದಲ್ಲಿ ಯಾರೋ ಬೋರ್‌ವೆಲ್ ಕೊರೆಸಿದ್ದಾರೆ, ನೀರು ಬಿದ್ದಿಲ್ಲ.

ನಮ್ಮ ಮೇಷ್ಟ್ರನ್ನು ಮಣ್ಣು ಮಾಡಿದ್ದು ಮಾಲೂರಿನ ಸಾರ್ವಜನಿಕ ಸ್ಮಶಾನದಲ್ಲಿ.